ಸೌಂಡ್ ಬೇಕಾದರೆ ಟೇಪ್‌ನಲ್ಲಿ ಹಾಡು ಹಚ್ಚಿ, ಸೈಲೆನ್ಸರ್ ಕಿತ್ತುಹಾಕಬೇಡಿ

ಪಿಕಪ್ ಗಾಡಿಯ ಸೈಲೆನ್ಸರ್ ಬದಲಾಯಿಸುವುದಕ್ಕೆ ಗ್ಯಾರೇಜಿಗೇ ಹೋಗಬೇಕು ಅಂತೇನಿಲ್ಲ. ಮನೆ ಮುಂದೆ ಗಾಡಿ ನಿಲ್ಲುವಷ್ಟು ಗಟ್ಟಿ ಜಾಗ, ಒಂದು ಸಾಕೆಟ್ ಸೆಟ್, ಟಾರ್ಚ್ ಹಿಡಿಯುವುದಕ್ಕೆ ಜೊತೆಗೊಬ್ಬ ಇದ್ದರೆ ಸಾಕು. ಇಷ್ಟಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಮುಂದಿನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಹಾಕುವುದಾದರೆ ಸದ್ದು ಮಾಡದ ಸೈಲೆನ್ಸರ್ ಹಾಕಿ. ಫ್ರೀ ಫ್ಲೋ ಅಂತ ಹೇಳಿ ಮಾರುವ ನೇರ ಪೈಪು ದುಡಿಯುವ ಗಾಡಿಗೆ ದಂಡ.

ನಾನಿರುವುದು ಗೋವಾದ ಝುವಾರಿನಗರದ ಕಡೆ. ನಮ್ಮ ಓಣಿಯಲ್ಲಿ ಗದಗ, ಬಾಗಲಕೋಟೆ, ವಿಜಯಪುರದ ಮಂದಿಯೇ ಜಾಸ್ತಿ. ಅದರಲ್ಲಿ ಗಾಡಿ ಓಡಿಸುವವರು ಸುಮಾರು ಜನ. ಬೆಳಗಾವಿಯಲ್ಲಿ ತರಕಾರಿ ತುಂಬಿ, ಜಾಂಬೋಟಿ, ಕಣಕುಂಬಿ ದಾಟಿ, ಚೋರ್ಲಾ ಘಾಟ್ ಇಳಿದು ಬೆಳಗಾಗುವುದರೊಳಗೆ ಮಾಪುಸಾ ಇಲ್ಲವೇ ಮಡಗಾಂವ್ ಮುಟ್ಟಿಸಬೇಕು. ನನ್ನದು ಬಿಎಸ್4, ಅಂದರೆ ಹೊಗೆಯ ಹಿಂದಿನ ಮಾನದಂಡದ, ಬೊಲೆರೊ ಪಿಕಪ್. ಈ ಸಲ ಮಳೆಗಾಲಕ್ಕೆ ಮುಂಚೆ ಅದರ ಸೈಲೆನ್ಸರ್ ಬದಲಾಯಿಸಲು ಕೂತಾಗ ಅಕ್ಕನ ಮಗ ಶುರು ಮಾಡಿದ.

“ಮಾಮಾ, ಸೌಂಡ್ ಬರೋದು ಹಾಕ್ರೀ. ಘಾಟಿನ್ಯಾಗ ಗಾಡಿ ಚಲೋ ಎಳೀತದ.”

“ಎಳಿಯೂದು ಇಂಜಿನ್ನೋ, ಸೈಲೆನ್ಸರೋ?”

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಹೊಗೆಯ ಬಲದಿಂದ ತಿರುಗಿ ಒಳಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಇರುವ ಇಂಜಿನ್ನಿನಲ್ಲಿ ಟರ್ಬೊ ದಾಟಿದ ಹೊಗೆ ಸಲೀಸಾಗಿ ಹೊರಗೆ ಹೋದಷ್ಟೂ ಒಳ್ಳೆಯದೇ. ಆದರೆ ಎಷ್ಟು ಡೀಸೆಲ್ ಒಳಗೆ ಹೋಗಬೇಕು ಅನ್ನುವುದನ್ನು ಪೈಪು ನಿರ್ಧರಿಸುವುದಿಲ್ಲ, ಗಾಡಿಯ ಕಂಪ್ಯೂಟರ್ ನಿರ್ಧರಿಸುತ್ತದೆ. ಡೀಸೆಲ್ ಅಷ್ಟೇ ಇದ್ದಾಗ ಹಿಂದೆ ಎಂಥಾ ಪೈಪು ಹಾಕಿದರೂ ಲೋಡ್ ಗಾಡಿಗೆ ಗೊತ್ತಾಗುವಷ್ಟು ಬಲ ಬರುವುದಿಲ್ಲ. ಹಾಗಾದರೆ “ಹಾಕಿಸಿದ ಮೇಲೆ ಗಾಡಿ ಹಗುರಾಯ್ತು” ಅಂತ ಅಷ್ಟು ಜನ ಯಾಕೆ ಹೇಳುತ್ತಾರೆ? ಅವರು ಕಿತ್ತು ಹಾಕಿದ್ದು ಎಂಥದ್ದು ಅಂತ ಕೇಳಿ. ಒಳಗಿನ ತಗಡು ಮುರಿದು ಅಡ್ಡ ಬಿದ್ದಿರುತ್ತದೆ, ಮಸಿ ಗಟ್ಟಿಯಾಗಿ ಕೂತಿರುತ್ತದೆ. ಕಟ್ಟಿಕೊಂಡ ಸೈಲೆನ್ಸರ್ ತೆಗೆದು ಯಾವುದೇ ಹೊಸದು ಹಾಕಿದರೂ ಗಾಡಿ ಹಗುರ ಅನಿಸುತ್ತದೆ. ಕಂಪನಿಯದ್ದೇ ಹಾಕಿದ್ದರೂ ಅಷ್ಟೇ ಹಗುರಾಗುತ್ತಿತ್ತು. ಹೆಸರು ಮಾತ್ರ ಸದ್ದಿಗೆ ಹೋಗುತ್ತದೆ.

ಇನ್ನು ಆ ಸದ್ದನ್ನು ಕೇಳಿಸಿಕೊಳ್ಳುವವರು ಯಾರು? ಮೊದಲು ಡ್ರೈವರ್. ಪಿಕಪ್ಪಿನ ಕ್ಯಾಬಿನ್ ಅಂದರೆ ಒಂದು ತಗಡಿನ ಡಬ್ಬಿ. ಒಂದೇ ಸ್ಪೀಡಿನಲ್ಲಿ ಹೋಗುವಾಗ ಕೆಳಗಿನಿಂದ ಗುಂಯ್ ಅನ್ನುವ ಸದ್ದು ಸೀಟಿನಿಂದ ತಲೆಗೇರುತ್ತದೆ. ಅಂಗಡಿಯಲ್ಲಿ ಎರಡು ಸಲ ರೇಸ್ ಕೊಟ್ಟು ಕೇಳಿಸಿದಾಗ ಅದು ಗೊತ್ತಾಗುವುದಿಲ್ಲ, ರಾತ್ರಿಯಿಡೀ ಓಡಿಸಿದಾಗ ಗೊತ್ತಾಗುತ್ತದೆ. ಆಮೇಲೆ ಓಣಿಯವರು. ನಾವು ಗಾಡಿ ಹೊರಡಿಸುವುದೇ ಜನ ಮಲಗಿರುವ ಹೊತ್ತಿನಲ್ಲಿ. ವಸತಿ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇರಬೇಕಾದ ಶಬ್ದ 45 ಡೆಸಿಬಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಸರಿಯಿರುವ ಗಾಡಿಯೇ ಅದನ್ನು ದಾಟುತ್ತದೆ. ಅದರ ಮೇಲೆ ನೇರ ಪೈಪು ಬೇರೆ ಬೇಕಾ?

ಗೋವಾದಲ್ಲಿ ಸೈಲೆನ್ಸರ್ ಬೇಗ ಹಾಳಾಗುವುದಕ್ಕೆ ಎಲ್ಲರೂ ಸಮುದ್ರದ ಉಪ್ಪು ಗಾಳಿಯನ್ನೇ ಬೈಯುತ್ತಾರೆ. ಅದೂ ಹೌದು. ಮಳೆಗಾಲದಲ್ಲಿ ಕೆಂಪು ಮಣ್ಣು ಪೈಪಿನ ಮೇಲೆ ಮೆತ್ತಿಕೊಂಡು ದಿನಗಟ್ಟಲೆ ಹಸಿಯಾಗೇ ಇರುತ್ತದೆ, ಅದೂ ಹೌದು. ಆದರೆ ಸೈಲೆನ್ಸರ್ ಒಳಗಿನಿಂದಲೂ ಕೊಳೆಯುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಆ ಪೈಪಿನಿಂದಲೇ ಹೋಗುತ್ತದೆ. ದೂರ ಓಡಿದರೆ ಪೈಪು ಕಾದು ಎಲ್ಲ ಒಣಗುತ್ತದೆ. ಮಾರ್ಕೆಟ್ಟಿನಿಂದ ಹೋಟೆಲಿಗೆ, ಅಲ್ಲಿಂದ ಇನ್ನೊಂದು ಹೋಟೆಲಿಗೆ ಅಂತ ಸಣ್ಣ ಸಣ್ಣ ಸುತ್ತು ಹೊಡೆದರೆ ನೀರು ಒಳಗೇ ನಿಂತು, ಹೊಗೆಯ ಆಮ್ಲ ಸೇರಿ ತಗಡು ತಿನ್ನುತ್ತದೆ. ಅದಕ್ಕೇ ಅನೇಕ ಸೈಲೆನ್ಸರ್‌ಗಳ ತಳದಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ನೀರು ತೊಟ್ಟಿಕ್ಕಿ ಹೋಗಲಿ ಅಂತ. ನಮ್ಮ ಶಾಣ್ಯಾ ಮಂದಿ “ತೂತು ಬಿದ್ದದ” ಅಂತ ಅದಕ್ಕೆ ವೆಲ್ಡಿಂಗ್ ಹೊಡೆಸುತ್ತಾರೆ. ಒಂದಲ್ಲ, ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ.

ಕೊಳ್ಳುವಾಗ ಅಂಗಡಿಯವನು ಮ್ಯಾಗ್ನೆಟ್ ಹಿಡಿದು ತೋರಿಸುತ್ತಾನೆ. ಅಂಟದಿದ್ದರೆ ಅಸಲಿ ಸ್ಟೀಲ್, ಅಂಟಿದರೆ ನಕಲಿ ಅಂತ. ನಂಬಬೇಡಿ. ಸೈಲೆನ್ಸರಿಗೆ ಬಹಳ ಬಳಸುವ 409 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಅಂಟುತ್ತದೆ. ಮೇಲೆ ಕಂದು ಬಣ್ಣ ತಿರುಗಿದರೂ ಬೇಗ ತೂತಾಗುವುದಿಲ್ಲ. 304ಕ್ಕೆ ಅಂಟುವುದಿಲ್ಲ. ಕರಾವಳಿಗೆ ಅದೇ ಒಳ್ಳೆಯದು, ರೇಟೂ ಜಾಸ್ತಿ. ಆದರೆ ಅದಕ್ಕಿಂತ ಕಡಿಮೆ ದರ್ಜೆಯ 200 ಸರಣಿಯ ಸ್ಟೀಲಿಗೂ ಅಂಟುವುದಿಲ್ಲ. ಹಾಗಾಗಿ ಮ್ಯಾಗ್ನೆಟ್ ಆಟ ಬಿಟ್ಟು ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಅದಕ್ಕಿಂತ ಮುಖ್ಯ, ಹಳೆಯದರ ಅಳತೆ. ಪೈಪಿನ ಗಾತ್ರ, ಎರಡು ಪೈಪು ಕೂಡುವ ಫ್ಲ್ಯಾಂಜಿನ ಬೋಲ್ಟು ತೂತುಗಳ ಅಂತರ, ಸೈಲೆನ್ಸರ್ ತೂಗು ಹಾಕುವ ಹ್ಯಾಂಗರ್ ಎಲ್ಲಿ ಬರುತ್ತದೆ, ಇಷ್ಟು ಕೂಡಿದರೆ ಹೊರಗಿನ ಕಂಪನಿಯ ಸೈಲೆನ್ಸರ್ ಆದರೂ ಅಡ್ಡಿಯಿಲ್ಲ.

ಕೆಲಸಕ್ಕೆ ಬರೋಣ. ಹಿಂದಿನ ರಾತ್ರಿಯೇ ನಟ್ಟುಗಳಿಗೆಲ್ಲ ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಪೈಪು ತಣ್ಣಗಿರುವಾಗ ಶುರು ಮಾಡಿ. ಚಕ್ರಕ್ಕೆ ಮುಂದೂ ಹಿಂದೂ ಕಲ್ಲು ಕೊಡಿ. ಪಿಕಪ್ ಎತ್ತರ ಇರುವುದರಿಂದ ಎಷ್ಟೋ ಸಲ ಜಾಕ್ ಇಲ್ಲದೆಯೇ ಕೆಳಗೆ ನುಸುಳಬಹುದು. ಎತ್ತಲೇಬೇಕಾದರೆ ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಳಗೆ ಹೋಗಿ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಇಡಬೇಡಿ. ನಮ್ಮ ಕೆಂಪು ಮಣ್ಣು ಹಸಿಯಿದ್ದರೆ ಸ್ಟ್ಯಾಂಡ್ ಕಾಲು ಇಳಿಯುತ್ತದೆ, ಅಡಿಗೆ ದಪ್ಪ ಹಲಗೆ ಇರಲಿ. ಕಣ್ಣಿಗೆ ಕನ್ನಡಕ ಬೇಕೇಬೇಕು, ಬೋಲ್ಟಿಗೆ ಪಾನಾ ತಾಗಿದ ಕೂಡಲೇ ತುಕ್ಕಿನ ಪುಡಿ ಮುಖದ ಮೇಲೇ ಸುರಿಯುತ್ತದೆ.

ತುಕ್ಕು ಹಿಡಿದ ನಟ್ಟನ್ನು ಒಂದೇ ಏಟಿಗೆ ಬಿಚ್ಚಲು ಹೋದರೆ ಬೋಲ್ಟು ಮುರಿಯುತ್ತದೆ. ಮೊದಲು ಕೂದಲೆಳೆಯಷ್ಟು ಟೈಟ್ ಮಾಡಿ, ಆಮೇಲೆ ಸ್ವಲ್ಪ ಲೂಸ್, ಮತ್ತೆ ಟೈಟ್. ಹೀಗೆ ಆಡಿಸುತ್ತಾ ಇದ್ದರೆ ಕಿರ್ ಅಂತ ಒಂದು ಸದ್ದು ಬರುತ್ತದೆ. ಅಲ್ಲಿಗೆ ಬಿಟ್ಟುಕೊಟ್ಟಿತು ಅಂತ ಲೆಕ್ಕ. ಹ್ಯಾಂಗರ್ ರಬ್ಬರಿಗೆ ಸಾಬೂನು ನೀರು ಹಚ್ಚಿ ಎಳೆಯಿರಿ. ಗ್ರೀಸ್, ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬೋಲ್ಟು ಬಿಚ್ಚುವ ಮೊದಲು ಹಳೇ ಸೈಲೆನ್ಸರನ್ನು ಹಗ್ಗದಿಂದ ಚಾಸಿಗೆ ಕಟ್ಟಿ. ಕೊನೆಯ ರಬ್ಬರ್ ಬಿಟ್ಟಾಗ ಅದು ಬೀಳುವುದು ನಿಮ್ಮ ಎದೆಯ ಮೇಲೆ.

ಹೊಸದನ್ನು ಕೂರಿಸುವಾಗ ಜಾಯಿಂಟಿನ ನಡುವೆ ಕೂರುವ ಗ್ಯಾಸ್ಕೆಟ್ ಹೊಸದೇ ಇರಲಿ. ಎಲ್ಲ ಬೋಲ್ಟು ಮೊದಲು ಕೈಯಲ್ಲೇ ಹಚ್ಚಿ, ಪೈಪು ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಟೈಟ್ ಮಾಡುತ್ತಾ ಬನ್ನಿ. ಇಲ್ಲಿ ಬಹಳ ಜನ ಮರೆಯುವುದು ಲೋಡ್. ಖಾಲಿ ಗಾಡಿಯಲ್ಲಿ ಪೈಪಿಗೂ ಹಿಂದಿನ ಆ್ಯಕ್ಸಲ್‌ಗೂ ನಡುವೆ ಕೈ ಆಡುವಷ್ಟು ಜಾಗ ಇರುತ್ತದೆ. ತರಕಾರಿ ಚೀಲ ತುಂಬಿದ ಮೇಲೆ ಪಾಟಾ (ಸ್ಪ್ರಿಂಗ್ ಪಟ್ಟಿ) ಚಪ್ಪಟೆಯಾಗಿ ಆ ಜಾಗ ಹೋಗಿಬಿಡುತ್ತದೆ. ಮೊದಲ ಗುಂಡಿಯಲ್ಲೇ ಠಣ್ ಅನ್ನುತ್ತದೆ. ಬ್ರೇಕ್ ಪೈಪು, ಸ್ಟೆಪ್ನಿ ಟೈರು, ಡೀಸೆಲ್ ಪೈಪು ಎಲ್ಲದರಿಂದಲೂ ದೂರ ಇರಬೇಕು. ಡೀಸೆಲ್ ಪೈಪಿನಿಂದ ಕನಿಷ್ಠ 35 ಮಿಲಿಮೀಟರ್ ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹೊಗೆ ಎಡಕ್ಕೂ ಬಿಡಬಾರದು, ನೆಲಕ್ಕೂ ಬಿಡಬಾರದು, ಹಿಂದಕ್ಕೆ ಇಲ್ಲವೇ ಬಲಕ್ಕೆ ಅಂತಲೂ ಇದೆ. ಕೆಲವು ಫಿಟ್ಟರ್‌ಗಳು ಪೈಪು ಉಳಿಸಲು ಎಡಕ್ಕೇ ಕತ್ತರಿಸಿ ಬಿಡುತ್ತಾರೆ. ಬಸ್ಸಿಗೆ ನಿಂತವರ ಮುಖಕ್ಕೆ ಹೊಗೆ.

ಸ್ಟಾರ್ಟ್ ಮಾಡುವುದು ಬಯಲಿನಲ್ಲಿ, ಶೆಡ್ಡಿನೊಳಗಲ್ಲ. ಮೊದಲ ಸಲ ಪೈಪಿನ ಮೇಲಿನ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಗಾಬರಿ ಬೇಡ. ಸ್ಟಾರ್ಟ್ ಆದ ಕೂಡಲೇ, ಪೈಪು ಕಾಯುವ ಮೊದಲೇ ಜಾಯಿಂಟಿಗೆ ಸಾಬೂನು ನೀರು ಬಿಟ್ಟು ಗುಳ್ಳೆ ಬರುತ್ತದಾ ನೋಡಿ. ಒಂದು ಟ್ರಿಪ್ ಆಗಿ ಪೈಪು ತಣಿದ ಮೇಲೆ ಮತ್ತೊಮ್ಮೆ ಬೋಲ್ಟು ಟೈಟ್ ಮಾಡಿ. ಆಮೇಲೂ ಜಾಯಿಂಟಿನ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಲೀಕ್ ಇದೆ. ಇದನ್ನು ಹಗುರವಾಗಿ ತಗೋಬೇಡಿ. ಮಾಪುಸಾ ಮಾರ್ಕೆಟ್ ಬಾಗಿಲು ತೆರೆಯುವವರೆಗೆ ಇಂಜಿನ್ ಚಾಲೂ ಇಟ್ಟು, ಎಸಿ ಹಚ್ಚಿಕೊಂಡು ಕ್ಯಾಬಿನ್ನಿನಲ್ಲೇ ಮಲಗುವ ಹುಡುಗರಿದ್ದಾರೆ. ಲೀಕ್ ಆದ ಹೊಗೆಯಲ್ಲಿರುವ ವಿಷದ ಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಡೀಸೆಲ್ ಹೊಗೆಯಲ್ಲಿ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅಂತಲ್ಲ.

ವೆಲ್ಡಿಂಗ್ ಬೇಕಾದರೆ ಮಾತ್ರ ಬಲ್ಲವರಿಗೆ ಕೊಡಿ. ಅವರೂ ಬ್ಯಾಟರಿ ಟರ್ಮಿನಲ್ ಬಿಚ್ಚದೆ ಶುರು ಮಾಡಿದರೆ ತಡೆಯಿರಿ, ಕಂಪ್ಯೂಟರ್ ಸುಟ್ಟರೆ ಸೈಲೆನ್ಸರಿಗಿಂತ ದೊಡ್ಡ ಬಿಲ್ಲು ಬರುತ್ತದೆ.

ಸೈಲೆನ್ಸರಿಗಿಂತ ಮುಂದೆ, ಇಂಜಿನ್ ಕಡೆ ಇರುವ, ಹೊಗೆಯ ವಿಷ ಕಡಿಮೆ ಮಾಡುವ ಕನ್ವರ್ಟರ್ ತಂಟೆಗೆ ಯಾರೂ ಹೋಗಬೇಡಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಾದರೆ ಮಸಿ ಹಿಡಿಯುವ ಡಿಪಿಎಫ್, ಸೆನ್ಸರ್‌ಗಳು ಎಲ್ಲ ಅದೇ ಸಾಲಿನಲ್ಲಿರುತ್ತವೆ. “ಒಳಗಿಂದು ಖಾಲಿ ಮಾಡಿ ಸೆನ್ಸರಿಗೆ ಮೋಸ ಮಾಡಿ ಕೊಡ್ತೀವಿ” ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕಂಪನಿ ಕೊಟ್ಟ ರೂಪವನ್ನು ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬಂತು. ಶಬ್ದ, ಹೊಗೆಯ ಮಿತಿ ಮೀರಿದರೆ 10,000ದವರೆಗೆ ಬೇರೆ, ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. ಲೈಸೆನ್ಸೇ ಅನ್ನ ಆದವನಿಗೆ ಮೂರು ತಿಂಗಳು ಅಂದರೆ ಏನು ಅಂತ ಹೇಳಬೇಕಾಗಿಲ್ಲ ಅಲ್ವಾ. ಅಂದ ಹಾಗೆ, ಪಿಯುಸಿ ಅಂದರೆ ಹೊಗೆ ತಪಾಸಣೆಯಲ್ಲಿ ಹೊಗೆ ಕಪ್ಪು ಬಂತು ಅಂತ ಸೈಲೆನ್ಸರ್ ಬದಲಾಯಿಸುವವರೂ ಇದ್ದಾರೆ. ಸುಮ್ನೆ ದುಡ್ಡು ದಂಡ. ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್.

ಹಳೇ ಸೈಲೆನ್ಸರನ್ನು ಗುಜರಿಯವನಿಗೆ ಕೊಡುವಾಗ ಅವಸರ ಬೇಡ. ಹೊಸದು ಒಂದೆರಡು ಲೋಡ್ ಟ್ರಿಪ್ ಮುಗಿಸುವವರೆಗೆ ಮನೆಯಲ್ಲೇ ಇರಲಿ. ಕೊಡುವ ಮೊದಲು ಅದರ ಹ್ಯಾಂಗರ್ ರಾಡು ಕತ್ತರಿಸಿ ಇಟ್ಟುಕೊಳ್ಳಿ. ಹೊರಗಿನ ಸೈಲೆನ್ಸರ್‌ಗಳಲ್ಲಿ ಮೊದಲು ಮುರಿಯುವುದು ಆ ರಾಡೇ, ಮತ್ತು ಕಂಪನಿಯ ರಾಡಿನಷ್ಟು ಗಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ.