ಕತ್ತಿಗೆ ಹದ ಹಾಕಿದವರು ಯಾರು?

ಅಕ್ಕನ ಮಗ ‘ಬ್ರೆತ್ ಆಫ್ ದ ವೈಲ್ಡ್’ ಅನ್ನುವ ವಿಡಿಯೋ ಗೇಮ್ ಆಡುತ್ತಾ ಕೂತಿದ್ದ. “ಮಾವ, 13 ಹಾರ್ಟ್ ಕೂಡಿಸಿ ಈ ಮಾಸ್ಟರ್ ಸೋರ್ಡ್ ಕಿತ್ತೆ. ಈಗ ನೋಡಿದ್ರೆ ನಾಲ್ಕು ರಾಕ್ಷಸರಿಗೆ ಹೊಡೆಯೋಷ್ಟರಲ್ಲಿ ಸುಸ್ತಾಗುತ್ತೆ. ಮತ್ತೆ ಹತ್ತು ನಿಮಿಷ ಕಾಯ್ಬೇಕಂತೆ. ಇದೂ ಒಂದು ಕತ್ತಿನಾ?” ಅಂದ. (ಹಾರ್ಟ್ ಅಂದರೆ ಆಟದಲ್ಲಿ ಜೀವದ ಅಳತೆ, ಮಾಸ್ಟರ್ ಸೋರ್ಡ್ ಅಂದರೆ ಕತೆಯ ವೀರನ ಕತ್ತಿ.) ಅವನೊಬ್ಬನದೇ ಅಲ್ಲ, ಈ ಗೇಮ್ ಆಡಿದ ತುಂಬಾ ಜನರ ತಕರಾರು ಇದು. ನಾನು ಮಾತ್ರ ಆ ಕತ್ತಿಯ ಪಕ್ಷ. ಬಾಯಿಮಾತಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಹೊರಗೆ ಕೊಡಗಿನ ಕಕ್ಕಡ ತಿಂಗಳ ಮಳೆ, ತೋಟಕ್ಕೆ ಕಾಲಿಡುವ ಹಾಗಿಲ್ಲ, ಹಾಗಾಗಿ ಬರಹ ಉದ್ದವೇ ಆಗುತ್ತದೆ. ಕತೆಯ ಗುಟ್ಟುಗಳೂ ಬರುತ್ತವೆ. ಇನ್ನೂ ಆಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿಬಿಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ‘ದ ಲೆಜೆಂಡ್ ಆಫ್ ಝೆಲ್ಡಾ’ ನಿಂಟೆಂಡೊ ಕಂಪನಿಯ ಗೇಮ್ ಸರಣಿ, 1986ರಲ್ಲಿ ಶುರುವಾದದ್ದು. ನಾವು ಆಡುವ ಹುಡುಗನ ಹೆಸರು ಲಿಂಕ್. ರಾಜಕುಮಾರಿ ಝೆಲ್ಡಾ. ಕೆಟ್ಟವನು ಹೆಚ್ಚಾಗಿ ಗ್ಯಾನನ್. ಮೊದಲ ಗೇಮಿನಲ್ಲಿ ಮಾಸ್ಟರ್ ಸೋರ್ಡ್ ಇರಲಿಲ್ಲ. ಅಲ್ಲಿ ಮರದ ಕತ್ತಿ, ಬಿಳಿ ಕತ್ತಿ, ಮಾಯಾ ಕತ್ತಿ ಅಂತ ಮೂರು. ಮರದ್ದು ಬಿಟ್ಟು ಉಳಿದೆರಡನ್ನು ನಿಮ್ಮ ಹಾರ್ಟ್ ಸಾಕಷ್ಟಿದ್ದರೆ ಮಾತ್ರ ಮುದುಕನೊಬ್ಬ ಕೊಡುತ್ತಾನೆ, ಇಲ್ಲದಿದ್ದರೆ ಇಲ್ಲ. ಮಾಸ್ಟರ್ ಸೋರ್ಡ್ ಬಂದಿದ್ದು 1991ರ ‘ಎ ಲಿಂಕ್ ಟು ದ ಪಾಸ್ಟ್’ನಲ್ಲಿ. ಅಲ್ಲಿಂದ ಈಚೆಗೆ ಸರಣಿಯ ದೊಡ್ಡ ಗೇಮುಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ತಮಾಷೆ ಏನೆಂದರೆ ಬಂದಾಗಲೆಲ್ಲ ಅದಕ್ಕೆ ಏನೋ ಒಂದು ಕೊರತೆ. ಒಮ್ಮೆ ಹದ ಸಾಲದು, ಒಮ್ಮೆ ಶಕ್ತಿ ಹೋಗಿದೆ, ಒಮ್ಮೆ ಮುರಿದೇ ಹೋಗಿದೆ. ಪ್ರತಿ ಸಲ ಅದನ್ನು ಮತ್ತೆ ಬಲಪಡಿಸಬೇಕು.

ನನ್ನ ವಾದ ಇಷ್ಟೇ. ಆ ಕತ್ತಿಗೆ ಲಿಂಕ್ ತಾನಾಗಿ ಬಲ ತುಂಬಿದ್ದು ಕಡಿಮೆ. ಯಾರೋ ಇನ್ನೊಬ್ಬರ ದುಡಿಮೆ ಅಲಗಿನೊಳಗೆ ಇಳಿಯುತ್ತದೆ. ಹಾಗೆ ಇಳಿದ ಕಡೆಯಲ್ಲೆಲ್ಲ ಗೇಮ್ ಚೆನ್ನಾಗಿದೆ. ಸುಮ್ನೆ ನಂಬರ್ ಏರಿಸಿದ ಕಡೆ ಸಪ್ಪೆ.

‘ಎ ಲಿಂಕ್ ಟು ದ ಪಾಸ್ಟ್’ನ್ನೇ ನೋಡಿ. ಮೂರು ಪದಕ ಗೆದ್ದು ಕಾಡಿನ ನಡುವೆ ನೆಟ್ಟ ಕತ್ತಿಯನ್ನು ಕಿತ್ತಿರುತ್ತೇವೆ. ಊರಲ್ಲಿ ಒಬ್ಬ ಕುಳ್ಳ ಕಮ್ಮಾರ ಇದ್ದಾನೆ. ಕತ್ತಿಗೆ ಹದ ಹಾಕಿಕೊಡು ಅಂದರೆ, ಜೊತೆಗಾರ ಕಾಣೆಯಾಗಿದ್ದಾನೆ, ಒಬ್ಬನೇ ಆಗಲ್ಲ ಅನ್ನುತ್ತಾನೆ. ಆ ಜೊತೆಗಾರ ಎಲ್ಲಿದ್ದಾನೆ ಗೊತ್ತಾ? ಕತ್ತಲ ಲೋಕದಲ್ಲಿ, ಕಪ್ಪೆಯಾಗಿ, ಭಾರಿ ಕಲ್ಲಿನ ಆಚೆ ಸಿಕ್ಕಿಹಾಕಿಕೊಂಡು. ಕಲ್ಲೆತ್ತುವ ಕೈಗವಸು ಸಿಗುವವರೆಗೆ ಅವನ ಹತ್ತಿರ ಹೋಗಲೂ ಆಗಲ್ಲ. ಸಿಕ್ಕಮೇಲೆ ಅವನು ನಮ್ಮ ಹಿಂದೆ ಹಿಂದೆ ನಡೆದು ಬರುತ್ತಾನೆ. ಬೆಳಕಿನ ಲೋಕಕ್ಕೆ ಬಂದ ಕೂಡಲೇ ಕಪ್ಪೆ ಹೋಗಿ ಮನುಷ್ಯ. ಕಮ್ಮಾರನ ಮನೆಗೆ ಮುಟ್ಟಿಸಿದರೆ ಇಬ್ಬರೂ ಒಂದಾಗುತ್ತಾರೆ. ಆಮೇಲೆ ನಮ್ಮ ಕತ್ತಿಯನ್ನು ಕೊಟ್ಟು ಬರಿಗೈಯಲ್ಲಿ ಹೊರಗೆ ಹೋಗಬೇಕು. ಒಳಗೆ ಇಬ್ಬರೂ ಒಂದೇ ಅಡೆಗಲ್ಲಿನ ಮೇಲೆ ಸರದಿಯಲ್ಲಿ ಸುತ್ತಿಗೆ ಹೊಡೆಯುತ್ತಾರೆ. ತಿರುಗಿ ಬಂದರೆ ಅಲಗು ಕೆಂಪಗೆ.

ಇಬ್ಬರು ಯಾಕೆ ಬೇಕು ಅನ್ನೋದು ಕುಲುಮೆ ಮುಂದೆ ನಿಂತವರಿಗೆ ಗೊತ್ತು. ನಮ್ಮ ಕಡೆ ಮರಗಸಿ ಕತ್ತಿಗೆ (ತೋಟದ ನೆರಳುಮರಗಳ ಕೊಂಬೆ ಸವರುವ ಕತ್ತಿ) ಹದ ಹಾಕಿಸಲು ಹೋದಾಗ ನಾನು ನೋಡುತ್ತಾ ನಿಂತುಬಿಡುತ್ತೇನೆ. ಒಬ್ಬರು ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಇನ್ನೊಬ್ಬರು ಬಡಿಯುತ್ತಾರೆ. ಕೆಂಪಗೆ ಕಾದ ಅಲಗಿನ ಬಾಯನ್ನು ಮಾತ್ರ ನೀರಿಗೆ ಮುಟ್ಟಿಸುತ್ತಾರೆ, ಬೆನ್ನಿನಲ್ಲಿ ಬಿಸಿ ಉಳಿದಿರುತ್ತದೆ. ಬಾಯಿಯನ್ನು ಬೇಗ ಉಜ್ಜಿ ಹೊಳಪು ಬರಿಸಿ ಕಾಯುತ್ತಾರೆ. ಬೆನ್ನಿನ ಬಿಸಿ ನಿಧಾನ ಕೆಳಗೆ ಇಳಿಯುತ್ತಾ ಬಂದಂತೆ ಹೊಳಪಿನ ಮೇಲೆ ಬಣ್ಣ ಓಡುತ್ತದೆ. ಮೊದಲು ತೆಳು ಹಳದಿ, ಆಮೇಲೆ ಕಂದು, ಆಮೇಲೆ ನೀಲಿ. ಬೇಕಾದ ಬಣ್ಣ ಕಂಡ ಕ್ಷಣಕ್ಕೆ ಮತ್ತೆ ನೀರಿಗೆ. ಒಂದು ಚೂರು ಬೇಗ ಅದ್ದಿದರೆ ಅಲಗು ಗಡಸಾಗಿ ಮರಗಸಿ ಮಾಡುವಾಗ ಮುಕ್ಕಾಗುತ್ತದೆ, ತಡವಾದರೆ ಮೆತ್ತಗಾಗಿ ಬಾಯಿ ಮಡಚುತ್ತದೆ. ಅಲ್ಲಿ ಮಾತಿಲ್ಲ, ಫೋನಿಲ್ಲ. ಆ ಹೊತ್ತಿನಲ್ಲಿ ಏನಾದರೂ ಕೇಳಿದರೆ ಬೈಸಿಕೊಳ್ಳುವುದು ಗ್ಯಾರಂಟಿ. 1991ರ ಗೇಮಿನಲ್ಲಿ ಅಷ್ಟು ಚಿಕ್ಕ ಚಿತ್ರಗಳಲ್ಲೇ ಈ ಇಬ್ಬರ ಲೆಕ್ಕವನ್ನು ತಂದಿದ್ದಾರಲ್ಲ, ಅದಕ್ಕೆ ನಾನು ಸೋತೆ.

ಅದೇ ಗೇಮಿನಲ್ಲಿ ಇನ್ನೊಂದು ಮೆಟ್ಟಿಲು ಇದೆ. ಪಿರಮಿಡ್ಡಿನ ಬಿರುಕನ್ನು ದೊಡ್ಡ ಬಾಂಬ್ ಇಟ್ಟು ಒಡೆದರೆ ಒಳಗೆ ಕೊಳ, ಅದರಲ್ಲೊಬ್ಬ ದಪ್ಪ ದೇವತೆ. ಕತ್ತಿಯನ್ನು ಕೊಳಕ್ಕೆ ಎಸೆದರೆ, ಇದನ್ನು ಎಸೆದದ್ದು ನೀನೇನಾ ಅಂತ ಕೇಳುತ್ತಾಳೆ. ನಿಜ ಹೇಳಿದರೆ ಚಿನ್ನದ ಕತ್ತಿಯಾಗಿ ವಾಪಸ್. ಕೊಡಲಿ ಕೆರೆಗೆ ಬಿದ್ದ ಸೌದೆಯವನ ಕತೆ, ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಚೆನ್ನಾಗಿದೆ, ಆದರೆ ಕಮ್ಮಾರರ ಮುಂದೆ ಇದು ಎರಡನೇ ನಂಬರ್.

ಮಾಸ್ಟರ್ ಸೋರ್ಡ್ ಅಲ್ಲದಿದ್ದರೂ 2000ದ ‘ಮಜೋರಾಸ್ ಮಾಸ್ಕ್’ನ ಕಮ್ಮಾರಸಾಲೆಯನ್ನು ಬಿಡಲು ಮನಸ್ಸಿಲ್ಲ. ಅಲ್ಲಿ ಮೊದಲು ಕುಲುಮೆಗೆ ಹಿಡಿದ ಮಂಜುಗಡ್ಡೆಯನ್ನು ಬಿಸಿನೀರು ತಂದು ಕರಗಿಸಬೇಕು. ಕತ್ತಿ ಕೊಟ್ಟರೆ ಮಾರನೇ ಬೆಳಗ್ಗೆ ಬಾ ಅನ್ನುತ್ತಾರೆ. ಇಡೀ ಗೇಮಿಗೆ ಇರುವುದೇ ಮೂರು ದಿನದ ಗಡುವು, ಚಂದ್ರ ನೆಲಕ್ಕೆ ಬೀಳುತ್ತಿದ್ದಾನೆ, ಅದರಲ್ಲಿ ರಾತ್ರಿಯೆಲ್ಲ ಕತ್ತಿ ಇಲ್ಲದೆ ಅಲೆಯಬೇಕು! ಹಾಗೆ ಪಡೆದ ಹೊಸ ಹರಿತವೂ ನೂರು ಏಟಿಗೆ ಮುಗಿಯುತ್ತದೆ. ಖಾಯಂ ಹರಿತ ಬೇಕಿದ್ದರೆ ಚಿನ್ನದ ಪುಡಿ ತರಬೇಕು, ಮತ್ತೆ ಒಂದು ರಾತ್ರಿ ಕಾಯಬೇಕು. ಹತ್ತು ನಿಮಿಷ ಜಾಸ್ತಿ ಆಯಿತು ಅನ್ನುವವರನ್ನು ಅಲ್ಲಿಗೆ ಕಳಿಸಬೇಕು.

ಅದಕ್ಕೂ ಮುಂಚೆ, 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ಕತ್ತಿಗೆ ಏನೂ ಮಾಡುವುದಿಲ್ಲ. ಕಿತ್ತ ಹುಡುಗನೇ ಏಳು ವರ್ಷ ನಿದ್ದೆ ಹೋಗಿ ದೊಡ್ಡವನಾಗಿ ಏಳುತ್ತಾನೆ. ಕತ್ತಿ ಹಾಗೇ ಇದೆ, ಬೆಳೆದದ್ದು ಕೈ. ಅಷ್ಟೇ.

ಈ ವಿಷಯದಲ್ಲಿ ನನಗೆ ತೀರಾ ಇಷ್ಟ ‘ವಿಂಡ್ ವೇಕರ್’. 2002ರದ್ದು. ಹಳೆಯ ರಾಜ್ಯವೇ ಸಮುದ್ರದ ತಳದಲ್ಲಿ ನಿಂತುಹೋಗಿದೆ. ಇಳಿದು ಹೋಗಿ ಕತ್ತಿ ಕೀಳುತ್ತೇವೆ. ದೊಡ್ಡ ಕೆಲಸ ಆಯಿತು ಅಂದುಕೊಂಡು ಗ್ಯಾನನ್ನಿನ ಮನುಷ್ಯರೂಪವಾದ ಗ್ಯಾನನ್‌ಡಾರ್ಫ್ ಎದುರು ಬೀಸಿದರೆ ಅವನಿಗೆ ಏನೂ ಆಗುವುದಿಲ್ಲ, ನಗುತ್ತಾನೆ. ಯಾಕೆಂದರೆ ಈ ಕತ್ತಿಗೆ ಶಕ್ತಿ ಬರಲಿ ಅಂತ ಎರಡು ಗುಡಿಗಳಲ್ಲಿ ಇಬ್ಬರು ಪ್ರಾರ್ಥನೆ ಮಾಡುತ್ತಿದ್ದರು. ಇಬ್ಬರನ್ನೂ ಕೊಂದಿದ್ದಾರೆ. ಕತ್ತಿಯ ಕತೆಯಲ್ಲಿ ಎಲ್ಲೂ ಕಾಣದ, ಎಲ್ಲೋ ಕೂತು ಅದನ್ನು ನಡೆಸುತ್ತಿದ್ದವರು! ಅವರ ಜಾಗಕ್ಕೆ ಹೊಸಬರನ್ನು ಹುಡುಕಬೇಕು. ವೀಣೆಯಂಥ ಹಾರ್ಪ್ ನುಡಿಸುವ ಹಕ್ಕಿಯ ಹುಡುಗಿ ಮೆಡ್ಲಿ, ಎಲೆಯ ಮುಖವಾಡದ ಪುಟಾಣಿ ಮಕಾರ್. ನಾವು ಆಗಲೇ ಬಲ್ಲವರು. ಅವರನ್ನು ಕರೆದುಕೊಂಡು ಗುಡಿಯೊಳಗೆ ಹೋಗಿ, ಅವರ ಕೈಹಿಡಿದು ದಾಟಿಸಿ, ಕೊನೆಗೆ ಅಲ್ಲೇ ಬಿಟ್ಟು ಬರಬೇಕು. ಅವರು ನುಡಿಸುತ್ತಾ ಉಳಿದುಬಿಡುತ್ತಾರೆ. ಕತ್ತಿ ಬೆಳಗುತ್ತದೆ. ಮೆಡ್ಲಿಯನ್ನು ಬಿಟ್ಟು ಬರುವಾಗ ನನಗೆ ಕತ್ತಿ ಬೇಡವೇ ಬೇಡ ಅನ್ನಿಸಿತ್ತು.

2011ರ ‘ಸ್ಕೈವರ್ಡ್ ಸೋರ್ಡ್’ ಈ ಕತ್ತಿ ಹುಟ್ಟಿದ ಕತೆ. ಮೂರು ಪವಿತ್ರ ಜ್ವಾಲೆಗಳಲ್ಲಿ ಕಾಸಿ ಮಾಡುತ್ತಾರೆ. ಕತ್ತಿಯೊಳಗೆ ಫೈ ಅನ್ನುವ ಜೀವ ಇದೆ. ಎಲ್ಲದಕ್ಕೂ ಶೇಕಡಾ ಲೆಕ್ಕ ಹೇಳುತ್ತಾಳೆ, ರಿಮೋಟಿನ ಬ್ಯಾಟರಿ ಇಳಿದರೂ ಅವಳೇ ಬಂದು ಹೇಳುತ್ತಾಳೆ. ತಲೆ ಚಿಟ್ಟು ಹಿಡಿಸುತ್ತಾಳೆ, ನಿಜ. ಆದರೆ ಕೊನೆಯಲ್ಲಿ ಅವಳು ಕತ್ತಿಯೊಳಗೆ ಶಾಶ್ವತವಾಗಿ ಮಲಗುವಾಗ, ಇಷ್ಟು ಹೊತ್ತು ಬೈದದ್ದಕ್ಕೆ ಬೇಜಾರಾಗುತ್ತದೆ. 2013ರ ‘ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್’ನಲ್ಲಿ ನಾಲ್ಕು ಅದಿರು ಹುಡುಕಬೇಕು. ಎರಡು ಒಂದು ಲೋಕದ ಕಮ್ಮಾರನಿಗೆ, ಎರಡು ಇನ್ನೊಂದು ಲೋಕದ ಕಮ್ಮಾರನಿಗೆ. ಗೇಮ್ ಸೊಗಸು, ಈ ಭಾಗ ಮಾತ್ರ ರೇಷನ್ ಅಂಗಡಿಗೆ ಹೋಗಿಬಂದ ಹಾಗೆ.

ಇನ್ನು ‘ಬ್ರೆತ್ ಆಫ್ ದ ವೈಲ್ಡ್’, 2017. ಇಲ್ಲಿ ಕತ್ತಿಯ ಬಲ 30. ಗಾರ್ಡಿಯನ್ ಯಂತ್ರಗಳ ಎದುರು, ಗ್ಯಾನನ್ ಎದುರು ನೀಲಿಯಾಗಿ ಹೊಳೆದು 60 ಆಗುತ್ತದೆ. ಬೇರೆ ಎಲ್ಲ ಆಯುಧಗಳೂ ಒಡೆದು ಚೂರಾಗುವ ಗೇಮಿನಲ್ಲಿ ಇದೊಂದು ಒಡೆಯುವುದಿಲ್ಲ, ದಣಿಯುತ್ತದೆ. ಯಾಕೆ ದಣಿಯಬಾರದು? ನೂರು ವರ್ಷದ ಹಿಂದಿನ ಯುದ್ಧದಲ್ಲಿ ಲಿಂಕ್ ಸಾಯುವ ಸ್ಥಿತಿಯಲ್ಲಿ ಬಿದ್ದಾಗ ಅದರ ಅಲಗೂ ಹಾಳಾಗಿತ್ತು. ಝೆಲ್ಡಾ ತಾನೇ ಅದನ್ನು ಹೊತ್ತು ಕಾಡಿಗೆ ತಂದು, ಡೆಕು ಮರದ ಎದುರು ನೆಟ್ಟು, ಒಬ್ಬಳೇ ಗ್ಯಾನನ್ ಎದುರಿಸಲು ಹೋದಳು. ಕತ್ತಿ ಅಲ್ಲಿ ಅಲಂಕಾರಕ್ಕೆ ನಿಂತಿರಲಿಲ್ಲ, ಸುಧಾರಿಸಿಕೊಳ್ಳುತ್ತಿತ್ತು.

ನಮ್ಮ ಕೊಡಗಿನವರಿಗೆ ಇದು ಅರ್ಥವಾಗಬೇಕು. ಗದ್ದೆ ಕೆಲಸ ಶುರುವಾದರೆ ಕೋವಿ, ಅಗಲ ಬಾಯಿಯ ಒಡಿಕತ್ತಿ, ಸೊಂಟದ ಪೀಚೆಕತ್ತಿ ಎಲ್ಲ ಮನೆಯ ಪೂಜೆಯ ಕೋಣೆಯಾದ ಕನ್ನಿಕೋಂಬರೆ ಸೇರುತ್ತಿದ್ದ ಕಾಲ ಇತ್ತು. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗಲೇ ಹೊರಗೆ. ಈಗಲೂ ಅವತ್ತು ಒರೆಸಿ, ಗಂಧ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ದೀಪದ ಮುಂದೆ ಇಟ್ಟು ಕೈಮುಗಿದ ಮೇಲೆ ಕೈಗೆ ತೆಗೆದುಕೊಳ್ಳುವುದು. ಆಮೇಲೆ ಊಟಕ್ಕೆ ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ನಮ್ಮ ಅರೆಭಾಷೆ ಮನೆಗಳಲ್ಲೂ ಕೈಲ್ ಮುಹೂರ್ತ ಅಂದರೆ ಅಷ್ಟೇ ಗೌರವ. ಆಯುಧ ಅಂದಮೇಲೆ ವರ್ಷವಿಡೀ ಕೈಯಲ್ಲೇ ಇರಬೇಕು ಅಂತ ನಮ್ಮ ಅಜ್ಜಂದಿರು ಅಂದುಕೊಂಡಿರಲಿಲ್ಲ. ಅದೂ ಅಲ್ಲದೆ ಆ ಒಡಿಕತ್ತಿ ಯಾರೋ ಒಬ್ಬನದ್ದಲ್ಲ, ಮನೆಯದ್ದು. ಮದುವೆಯಲ್ಲಿ ಬಾಳೆದಿಂಡು ಕಡಿಯುವವನ ಕೈ ಬೇರೆಯಾಗುತ್ತದೆ, ಕತ್ತಿ ಅದೇ. ಲಿಂಕ್‌ಗಳು ಬದಲಾಗುತ್ತಾ ಹೋಗುವ ಈ ಸರಣಿಯಲ್ಲೂ ಹಾಗೇ ಅಲ್ವಾ?

ಆದರೆ ‘ಬ್ರೆತ್ ಆಫ್ ದ ವೈಲ್ಡ್’ನ ಒಂದು ವಿಷಯಕ್ಕೆ ನನ್ನ ವಿರೋಧ ಇದೆ. ಕತ್ತಿಯ ಬಲ ಎಲ್ಲ ಕಡೆ 60 ಆಗಬೇಕಿದ್ದರೆ ‘ಟ್ರಯಲ್ ಆಫ್ ದ ಸೋರ್ಡ್’ ಗೆಲ್ಲಬೇಕು. ಅದು ಗೇಮಿನೊಳಗೆ ಇಲ್ಲ, ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಪರೀಕ್ಷೆ ಏನೋ ಗಟ್ಟಿಯಾಗಿದೆ. ಬಟ್ಟೆ ಇಲ್ಲ, ಆಯುಧ ಇಲ್ಲ, ಕೋಣೆಯಿಂದ ಕೋಣೆಗೆ ಸಿಕ್ಕಿದ್ದರಲ್ಲಿ ಹೊಡೆದಾಡಬೇಕು, ಸತ್ತರೆ ಆ ಹಂತದ ಮೊದಲಿಂದ. ನಡುವೆ ಸೇವ್ ಮಾಡುವ ಹಾಗಿಲ್ಲ. (ಗೇಮ್ ಆಡುವ ಸ್ವಿಚ್ ಯಂತ್ರಕ್ಕೆ ಬ್ಯಾಟರಿ ಇರುವುದು, ಕರೆಂಟ್ ಹೋಗುವ ಕೊಡಗಿನ ಮಳೆಗಾಲಕ್ಕೆ ದೊಡ್ಡ ಉಪಕಾರ.) ಆದರೆ ಅಲ್ಲಿ ಬೇರೆ ಯಾರ ಕೈಯೂ ಕತ್ತಿಗೆ ಸೋಕುವುದಿಲ್ಲ. ಹಂತ ಮುಗಿದಾಗಲೆಲ್ಲ ಹತ್ತು ಅಂಕ ಏರುತ್ತದೆ. ಗೆದ್ದೆ ಅನ್ನಿಸುತ್ತದೆ, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ.

ಬೇರೆ ಸರಣಿಗಳಲ್ಲಿ ಇಂಥದ್ದು ಇಲ್ಲ ಅಂತ ಹೇಳುತ್ತಿಲ್ಲ. ‘ಗಾಡ್ ಆಫ್ ವಾರ್’ನ ಲೆವಯಥನ್ ಕೊಡಲಿ ಇದೆ. ಜಗಳವಾಡಿ ದೂರವಾದ ಬ್ರಾಕ್, ಸಿಂಡ್ರಿ ಅನ್ನುವ ಕುಳ್ಳ ಅಣ್ಣತಮ್ಮಂದಿರು ಕತೆಯ ನಾಯಕ ಕ್ರೇಟಾಸ್‌ನ ಹೆಂಡತಿಗಾಗಿ ಮಾಡಿದ್ದು. 2018ರ ಗೇಮಿನಲ್ಲಿ ಒಬ್ಬೊಬ್ಬರಾಗಿ ಸಿಕ್ಕಿ ಅದನ್ನು ತಿದ್ದಿಕೊಡುತ್ತಾರೆ, ಒಬ್ಬನ ಕೆಲಸವನ್ನು ಇನ್ನೊಬ್ಬ ಆಡಿಕೊಳ್ಳುತ್ತಾನೆ. ತುಂಬಾ ಚೆನ್ನಾಗಿದೆ. ಆದರೆ 2022ರ ಮುಂದಿನ ಭಾಗಕ್ಕೆ ಬಂದರೆ ಅದೇ ಕೊಡಲಿ ಮತ್ತೆ ಒಂದನೇ ಲೆವೆಲ್‌ನಿಂದ. ಆಟ ನಡೆಯಬೇಕಲ್ಲ, ಅದಕ್ಕೆ. ಝೆಲ್ಡಾದವರು ಆ ಇಳಿತವನ್ನೇ ಕತೆ ಮಾಡಿಕೊಂಡರು, ಅದು ಜಾಣತನ.

2023ರ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ನಲ್ಲಿ ಅದು ತುದಿ ಮುಟ್ಟಿತು. ಶುರುವಿನಲ್ಲೇ ಗ್ಯಾನನ್‌ಡಾರ್ಫ್ ಕತ್ತಿಯನ್ನು ಒಡೆದು ಹಾಕುತ್ತಾನೆ. ಝೆಲ್ಡಾ ಬಹಳ ಹಿಂದಿನ ಕಾಲಕ್ಕೆ ಬಿದ್ದಿರುತ್ತಾಳೆ. ಮುರಿದ ಕತ್ತಿಯೂ ಅವಳನ್ನು ಹುಡುಕಿಕೊಂಡು ಅಲ್ಲಿಗೇ ಹೋಗುತ್ತದೆ. ರಿಪೇರಿಗೆ ಬೇಕಿರುವುದು ಕಾಲ, ಅದೂ ಯುಗಗಳಷ್ಟು. ಮನುಷ್ಯಳಾಗಿ ಅಷ್ಟು ಬದುಕಲು ಆಗುವುದಿಲ್ಲ. ಆಗ ಅವಳು ತನ್ನ ನೆನಪು, ತನ್ನತನ ಎಲ್ಲ ಹೋಗುತ್ತದೆ ಅಂತ ಗೊತ್ತಿದ್ದೇ ಮಾಯದ ಕಲ್ಲನ್ನು ನುಂಗಿ ಡ್ರ್ಯಾಗನ್ ಆಗುತ್ತಾಳೆ. ಹಣೆಯಲ್ಲಿ ಕತ್ತಿ ಇಟ್ಟುಕೊಂಡು, ಅದಕ್ಕೆ ಬೆಳಕು ಕುಡಿಸುತ್ತಾ, ಆಕಾಶದಲ್ಲಿ ಸುತ್ತುತ್ತಾಳೆ. ನಾವು ಗೇಮ್ ಶುರು ಮಾಡಿ ಅಣಬೆ ಕೀಳುತ್ತಿರುವಾಗಲೂ ಅವಳು ಮೇಲೆ ಹಾರುತ್ತಲೇ ಇರುತ್ತಾಳೆ, ನಮಗೆ ಅದು ಸುಮ್ನೆ ಒಂದು ಡ್ರ್ಯಾಗನ್.

ಇಲ್ಲೇ ಗೇಮ್ ಮಾಡಿದವರ ಮೇಲೆ ನನ್ನದೊಂದು ದೂರು. ಸ್ಟ್ಯಾಮಿನಾ (ದಣಿವು ತಡೆಯುವ ಶಕ್ತಿ) ಎರಡು ಪೂರ್ತಿ ಸುತ್ತು ಇದ್ದರೆ ಯಾರು ಬೇಕಾದರೂ ಅವಳ ತಲೆ ಮೇಲೆ ಇಳಿದು ಕತ್ತಿ ಕೀಳಬಹುದು. ಅವಳು ಯಾರು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ! ಅವಳು ಕೊಸರಾಡಿ ಮೋಡ ಸೀಳಿ ಮೇಲೇರುವ ಆ ದೃಶ್ಯ ಆಗ ಬರೀ ರೋಲರ್ ಕೋಸ್ಟರ್ ಆಗಿಹೋಗುತ್ತದೆ. ಇದಕ್ಕೊಂದು ಬೀಗ ಹಾಕಬೇಕಿತ್ತು. ಆದ್ದರಿಂದ ಇನ್ನೂ ಆಡದವರಿಗೆ, ಬೇಡ ಅಂದರೂ ಇಲ್ಲಿಯವರೆಗೆ ಓದಿದವರಿಗೆ, ಒಂದು ಮಾತು. ನೆಲದ ಮೇಲೆ ದೊಡ್ಡ ದೊಡ್ಡ ಚಿತ್ರಗಳಿವೆ, ಪ್ರತಿಯೊಂದರಲ್ಲೂ ಡ್ರ್ಯಾಗನ್ನಿನ ಒಂದು ಹನಿ ಕಣ್ಣೀರು, ಅದರಲ್ಲೊಂದು ನೆನಪು. ಮೊದಲು ಅವನ್ನೆಲ್ಲ ನೋಡಿ ಮುಗಿಸಿ, ಆಮೇಲೆ ಕತ್ತಿಗೆ ಹೋಗಿ. ಊರೂರು ಸುತ್ತುವಾಗ ಸಿಗುವ, ಒಗಟು ಬಿಡಿಸುವ ಪುಟ್ಟ ಗುಡಿಗಳಾದ ಶ್ರೈನ್‌ಗಳನ್ನು ಬಿಡದೆ ಮಾಡಿ, ಬಂದ ಬಹುಮಾನವನ್ನು ಸ್ಟ್ಯಾಮಿನಾಗೇ ಹಾಕಿದರೆ ಎರಡು ಸುತ್ತಿನ ಸ್ಟ್ಯಾಮಿನಾವೂ ಅಷ್ಟರಲ್ಲಿ ತುಂಬಿರುತ್ತದೆ.