ಜೋಡಿ ತಂದು ಬಿಟ್ಟರೆ ಮರಿ ಆಗಲ್ಲ

ನಮ್ಮ ಮೈಸೂರು ಮೃಗಾಲಯದ ಚೀತಾಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ "ಗಂಡು, ಹೆಣ್ಣು ಒಟ್ಟಿಗೆ ಬಿಟ್ಟರೆ ಸಂತತಿ ಬೆಳೆಯುತ್ತದೆ" ಅನ್ನೋ ಮಾತು ಒಪ್ಪಲಾಗಲಿಲ್ಲ. ಚೀತಾ ವಿಷಯದಲ್ಲಿ ಅದು ಉಲ್ಟಾ.

ಕಾಡಿನಲ್ಲಿ ದೊಡ್ಡ ಹೆಣ್ಣು ಒಂಟಿಯಾಗಿಯೇ ಓಡಾಡುತ್ತದೆ, ಮರಿಗಳಿದ್ದರೆ ಅವು ಮಾತ್ರ ಜೊತೆಗೆ. ಗಂಡುಗಳು, ಅದರಲ್ಲೂ ಅಣ್ಣತಮ್ಮಂದಿರು, ಗುಂಪು ಕಟ್ಟಿಕೊಂಡಿರುತ್ತವೆ. ಎರಡು ಹೆಣ್ಣನ್ನು ಒಂದೇ ಕಡೆ ಕೂಡಿಹಾಕಿದರೆ ಎಷ್ಟೋ ಸಲ ಬೆದೆಯೇ ನಿಂತುಬಿಡುತ್ತದೆ. ಅದಕ್ಕೇ ಅನುಭವ ಇರುವ ಕೇಂದ್ರಗಳಲ್ಲಿ ಬೇರೆ ಬೇರೆ ಇಟ್ಟು, ಹೆಣ್ಣಿನ ಬೇಲಿ ಪಕ್ಕದ ಓಣಿಯಲ್ಲಿ ಗಂಡುಗಳನ್ನು ನಡೆಸುತ್ತಾರೆ. ಗಂಡು ನೆಲ ಮೂಸಿ, ತೊದಲಿದ ಹಾಗೆ ತಡೆತಡೆದು ಕೂಗಿತು ಅಂದರೆ ಬೆದೆ ಬಂದಿದೆ ಅಂತ ಅರ್ಥ. ಆಮೇಲೆ ಗೇಟು ತೆಗೆಯುವುದು.

ಅಕ್ಬರ್ ಸಾವಿರ ಚೀತಾ ಸಾಕಿದ್ದನಂತೆ. ಆದರೂ ಅವನ ಕಾಲದಲ್ಲಿ ಮರಿ ಆಗಲೇ ಇಲ್ಲ, ಆಮೇಲೆ ತನ್ನ ಕಾಲದಲ್ಲಿ ಒಂದು ಸಲ ಆಯಿತು ಅಂತ ಮಗ ಜಹಾಂಗೀರ್ ಬರೆದಿಟ್ಟಿದ್ದಾನೆ! ಅದಾದ ಮೇಲೆ ಸಾಕಿದ ಚೀತಾ ಮರಿ ಹಾಕಿದ ದಾಖಲೆ ಸಿಗೋದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ.

ದಸರಾ ರಜೆಯಲ್ಲಿ ಆವರಣದ ಮುಂದೆ ಶಿಳ್ಳೆ ಹೊಡೆಯೋರನ್ನು ನೋಡಿದರೆ ಯಾವ ಪ್ರಾಣಿಗೆ ತಾನೇ ಮನಸ್ಸು ಬರಬೇಕು ಹೇಳಿ. ಕಾಟಿಗಳಿಗೆ, ಅಂದರೆ ಕಾಡುಕೋಣಗಳಿಗೆ, ಮೈಸೂರು ಹತ್ತಿರದ ಕೂರ್ಗಳ್ಳಿಯಲ್ಲಿ ಜನರ ಕಣ್ಣಿಗೆ ಬೀಳದ ಜಾಗ ಇದೆಯಲ್ಲ, ಚೀತಾಗೂ ಅಂಥದ್ದೇ ಬೇಕು. ಆ ಕಾಟಿಗಳ ಬಗ್ಗೆಯೂ ಒಮ್ಮೆ ಬರೆಯಿರಿ ಸಾರ್.