ನೆಂಟರು ಬಂದಾಗ ಸ್ಟುಟ್‌ಗಾರ್ಟ್

ಜರ್ಮನಿಗೆ ಬರುವ ನೆಂಟರಿಗೆ ಸ್ಟುಟ್‌ಗಾರ್ಟ್ ಮೇಲೆ ಅಂಥ ಆಸೆಯೇನೂ ಇರುವುದಿಲ್ಲ. ಬರ್ಲಿನ್ನಿನಲ್ಲಿ ಗೋಡೆಯಿದೆ, ಮ್ಯೂನಿಕ್ಕಿನಲ್ಲಿ ಬಿಯರ್ ಹಬ್ಬವಿದೆ, ಕಲೋನಿನಲ್ಲಿ ದೊಡ್ಡ ಚರ್ಚಿದೆ. ನಮ್ಮಲ್ಲೇನಿದೆ? ಬೆನ್ಜ್, ಪೋರ್ಶೆ, ಬಾಷ್. ಇಷ್ಟೊಂದು ಕನ್ನಡದವರು ಇಲ್ಲಿಗೆ ಬಂದು ಸೇರಿದ್ದೂ ಇಂಥ ಕಂಪನಿಗಳಿಂದಲೇ. ಆದರೆ ನೆಂಟರು ಇಳಿದುಕೊಳ್ಳುವುದು ನಮ್ಮ ಮನೆಯಲ್ಲಿ. ಹಾಗಾಗಿ ಪಾಪ, ಸ್ಟುಟ್‌ಗಾರ್ಟನ್ನೂ ನೋಡುತ್ತಾರೆ.

ಈ ಊರಿನ ದೊಡ್ಡ ಗುಣವೆಂದರೆ ಇಲ್ಲಿಂದ ಹೊರಗೆ ಹೋಗುವುದು ಸುಲಭ. ಹೀಗಂದರೆ ಇಲ್ಲಿ ಹುಟ್ಟಿ ಬೆಳೆದವರು ಮುಖ ಸಣ್ಣ ಮಾಡುತ್ತಾರೆ. ನಾನು ಹೊಗಳಿದ್ದೇ. ರೈಲಿನಲ್ಲಿ ಒಂದು ಗಂಟೆ ಕೂತರೆ ಸಾಕು, ನೋಡುವಂಥ ಊರು ಎಷ್ಟೋ ಸಿಗುತ್ತವೆ. ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್ ಅಂತ ಒಂದಿದೆ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ದಿನವಿಡೀ ರಾಜ್ಯ ಸುತ್ತಬಹುದು. ವೇಗದ ಐಸಿಇ ರೈಲು ಹತ್ತುವ ಹಾಗಿಲ್ಲ, ಮತ್ತೆ ವಾರದ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಮುಂಚೆ ಹೊರಡುವ ಹಾಗಿಲ್ಲ. ಈ ಎರಡನೆಯ ಷರತ್ತು ಊರಿನಿಂದ ಬಂದವರಿಗೆ ದೊಡ್ಡ ಶಿಕ್ಷೆ. ಅವರು ನಾಲ್ಕಕ್ಕೇ ಎದ್ದು, ಸ್ನಾನ ಮುಗಿಸಿ, ಸ್ವೆಟರ್ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿರುತ್ತಾರೆ. ಚಿತ್ರಾನ್ನದ ಡಬ್ಬಿ ಆಗಲೇ ಚೀಲ ಸೇರಿರುತ್ತದೆ.

ಸ್ಟೇಷನ್ನಿಗೆ ಹೋದರೆ ಅಲ್ಲೊಂದು ಪುಕ್ಕಟೆ ಪ್ರದರ್ಶನ. ನೆಲದ ಮೇಲೆ 16 ಹಳಿಗಳಿದ್ದ ನಿಲ್ದಾಣವನ್ನು ನೆಲದಡಿಯಲ್ಲಿ, ಅದೂ ಅಡ್ಡಕ್ಕೆ ತಿರುಗಿಸಿ, 8 ಹಳಿಗಳ ನಿಲ್ದಾಣ ಮಾಡುವ ಕೆಲಸ. ಸ್ಟುಟ್‌ಗಾರ್ಟ್ 21 ಅಂತ ಹೆಸರು. 2010ರಲ್ಲಿ ಶುರುವಾಯಿತು, 2019ಕ್ಕೆ ಮುಗಿಯುತ್ತದೆ ಅಂದಿದ್ದರು. ಆ ಗಡುವು ಮುಂದಕ್ಕೆ ಹೋಗುತ್ತಲೇ ಬಂದಿದೆ. ಹಲಗೆ ಹೊಡೆದ ದಾರಿಯಲ್ಲಿ ಸುತ್ತಿ ಬಳಸಿ ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ಬೆಂಗಳೂರಿನ ನೆಂಟರ ಮುಖದಲ್ಲಿ ಎಂಥದೋ ಕಳೆ. "ಜರ್ಮನಿಯಲ್ಲೂ ಹೀಗೇನಾ!" ಅನ್ನುವಾಗ ಅವರಿಗಾಗುವ ಸಂತೋಷ ಯಾವ ಅರಮನೆ ನೋಡಿದರೂ ಆಗುವುದಿಲ್ಲ.

ನೆಂಟರಲ್ಲಿ ಜಾತಿಗಳಿವೆ. ಕಾರಿನವರನ್ನು ಸುಧಾರಿಸುವುದು ಸುಲಭ. ಬೆನ್ಜ್ ಮ್ಯೂಸಿಯಂ ಬಾಗಿಲಲ್ಲಿ ಬಿಟ್ಟರೆ ಸಂಜೆಯವರೆಗೆ ನಮಗೆ ಬಿಡುವು. ಅಂಗಡಿಯವರಿಗೆ ಮೆಟ್ಸಿಂಗನ್ ಇದೆ, ಅಲ್ಲಿ ಬ್ರಾಂಡ್ ಬಟ್ಟೆಗಳ ಔಟ್‌ಲೆಟ್‌ಗಳದ್ದೇ ಒಂದು ಪೇಟೆ. ಅದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಎತ್ತರ ಬೇಕು ಅನ್ನುವವರಿಗೆ 1956ರ ಟಿವಿ ಗೋಪುರ. ಕಾಂಕ್ರೀಟಿನಲ್ಲಿ ಕಟ್ಟಿದ ಟಿವಿ ಗೋಪುರಗಳಲ್ಲಿ ಜಗತ್ತಿಗೇ ಮೊದಲನೆಯದು. ಹತ್ತಿ ನೋಡಲು ಬಂದವರ ಟಿಕೆಟ್ ದುಡ್ಡಿನಲ್ಲೇ ಐದು ವರ್ಷಕ್ಕೆ ಕಟ್ಟಿದ ಖರ್ಚು ವಾಪಸ್ ಬಂತಂತೆ. ಇಲ್ಲಿನ ಶ್ವಾಬಿಯನ್ ಜನ ದುಡ್ಡಿನಲ್ಲಿ ಬಿಗಿ ಅನ್ನುವುದು ದೇಶಕ್ಕೇ ಗೊತ್ತಿರುವ ವಿಷಯ ಬಿಡಿ.

ನನ್ನ ಇಷ್ಟದ್ದು ಬೇರೆ. ಊರಿನ ದಕ್ಷಿಣಕ್ಕೆ ಗುಡ್ಡ ಹತ್ತುವ ಒಂದು ಪುಟ್ಟ ಕೇಬಲ್ ರೈಲಿದೆ, 1929ರದ್ದು. ಎರಡೇ ಬೋಗಿ. ಒಂದು ಹತ್ತಿದಾಗ ಇನ್ನೊಂದು ಇಳಿಯುತ್ತದೆ. ಬೋಗಿಗಳು ತೇಗದ ಮರದವು. ಮೇಲಿರುವುದು ಕಾಡಿನ ನಡುವಿನ ಸ್ಮಶಾನ. ಹಾಗಾಗಿ ಜನ ಈ ರೈಲಿಗೆ, ಆಸ್ತಿ ಹೊಡೆಯಲು ಹೊಂಚು ಹಾಕುವವರ ಎಕ್ಸ್‌ಪ್ರೆಸ್ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಇದನ್ನು ಕೇಳಿ ನಮ್ಮ ದೊಡ್ಡಮ್ಮ, "ನಮ್ಮೂರಲ್ಲೂ ಒಂದು ಬಿಟ್ಟರೆ ಫುಲ್ ರಶ್ಶು" ಅಂದರು.

ದೊಡ್ಡಪ್ಪ ದೊಡ್ಡಮ್ಮ ಬಂದಾಗ ಲುಡ್ವಿಗ್ಸ್‌ಬುರ್ಗ್ ಅರಮನೆಗೆ ಹೋಗಿದ್ದೆವು. 1704ರಲ್ಲಿ ಶುರು ಮಾಡಿ 30 ವರ್ಷ ಕಟ್ಟಿದ್ದು, 452 ಕೋಣೆ. ಗೈಡು ಬಣ್ಣ, ಗಿಲೀಟು, ರಾಜನ ಮಂಚ ಅಂತ ಹೇಳುತ್ತಾ ಹೋದರೆ ದೊಡ್ಡಮ್ಮನ ಪ್ರಶ್ನೆ ಒಂದೇ: "ಇಷ್ಟನ್ನೂ ಗುಡಿಸೋರು ಯಾರೋ?" ನಾನು ಅದನ್ನು ಗೈಡಿಗೆ ದಾಟಿಸಲಿಲ್ಲ. ಆದರೆ ಪ್ರಶ್ನೆ ಸರಿಯಾದ ಊರಿನಲ್ಲೇ ಬಂದಿತ್ತು. ಗುಡಿಸುವುದು ಇಲ್ಲಿನವರಿಗೆ ವ್ರತ. ಅಪಾರ್ಟ್‌ಮೆಂಟುಗಳಲ್ಲಿ ವಾರಕ್ಕೊಂದು ಮನೆಯ ಸರದಿ. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಚಿಕ್ಕ ಬೋರ್ಡು ತೂಗಾಡುತ್ತದೆ: ಕೇರ್‌ವೋಖೆ. ಮೆಟ್ಟಿಲು, ಅಂಗಳ, ಚಳಿಗಾಲದಲ್ಲಾದರೆ ಫುಟ್‌ಪಾತಿನ ಹಿಮ, ಎಲ್ಲ ಅವರದ್ದೇ. ವಾರ ಮುಗಿದ ಮೇಲೆ ಬೋರ್ಡನ್ನು ತೆಗೆದು ಸದ್ದಿಲ್ಲದೆ ಪಕ್ಕದ ಬಾಗಿಲಿಗೆ ನೇತು ಹಾಕುವುದು. ಮನೆಗೆ ಬಂದ ಮೇಲೆ ದೊಡ್ಡಮ್ಮ ನಮ್ಮ ಬಾಗಿಲಿನ ಬೋರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಫೋಟೋ ತೆಗೆಸಿಕೊಂಡರು. ಅರಮನೆಯಲ್ಲಿ ಅಷ್ಟು ಫೋಟೋ ತೆಗೆಸಿಕೊಂಡಿರಲಿಲ್ಲ.

ದೊಡ್ಡಪ್ಪ ರಿಟೈರ್ಡ್ ಕನ್ನಡ ಮೇಷ್ಟ್ರು. ಅವರಿಗೆ ಕಾರೂ ಬೇಡ, ಅರಮನೆಯೂ ಬೇಡ. ಅವರನ್ನು ಎಸ್ಲಿಂಗನ್ನಿಗೆ ಕರೆದುಕೊಂಡು ಹೋದೆ. ಲೋಕಲ್ ರೈಲಿನಲ್ಲಿ ಕಾಲು ಗಂಟೆಯ ದಾರಿ. ಹಳೇ ಪೇಟೆಯಲ್ಲಿ 1330ರ ಸುಮಾರಿನ ಮನೆಗಳ ಸಾಲೊಂದು ಇನ್ನೂ ನಿಂತಿದೆ. ಮರದ ತೊಲೆಗಳನ್ನು ನೆಟ್ಟಗೆ, ಅಡ್ಡ, ಓರೆಯಾಗಿ ಜೋಡಿಸಿ ನಡುವೆ ಗಾರೆ ತುಂಬಿದ ಗೋಡೆಗಳು. ತೊಲೆ ಒಂದೂ ನೇರ ಇಲ್ಲ. ಇಲ್ಲಿನ ಹಳೇ ಮನೆಗಳಲ್ಲಿ ಕೆಳಗಿನ ಅಂತಸ್ತಿಗಿಂತ ಮೇಲಿನದು ಬೀದಿಗೆ ಒಂದಿಷ್ಟು ಚಾಚಿರುತ್ತದೆ. ಪಕ್ಕದ ಮನೆಯ ಜಗಳ ಕೇಳಲು ಮುಂದೆ ಬಾಗಿದವರ ಹಾಗೆ. ದೊಡ್ಡಪ್ಪ ಒಂದು ತೊಲೆಯನ್ನು ಬೆರಳ ಗಣ್ಣಿನಿಂದ ಟಕ್ ಟಕ್ ಅಂತ ತಟ್ಟಿ ನೋಡಿ, "ಗಟ್ಟಿ ಇದೆ" ಅಂದರು. 700 ವರ್ಷ ನಿಂತದ್ದಕ್ಕೆ ಕೊನೆಗೂ ಒಂದು ಸರ್ಟಿಫಿಕೇಟ್ ಸಿಕ್ಕಿತು.

ಆಮೇಲೆ ಹೇಳಿದೆ: "ದೊಡ್ಡಪ್ಪ, ಮೋಗ್ಲಿಂಗ್ ತೀರಿಕೊಂಡದ್ದು ಇದೇ ಊರಲ್ಲಿ. 1881ರಲ್ಲಿ."

"ಯಾವ ಮೋಗ್ಲಿಂಗು? ಮಂಗಳೂರ ಸಮಾಚಾರದ ಮೋಗ್ಲಿಂಗಾ?"

ಅವರೇ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು. ಹುಟ್ಟಿದ್ದು 1811ರಲ್ಲಿ, ಇಲ್ಲೇ ಉತ್ತರಕ್ಕೆ ಬ್ರಾಕೆನ್‌ಹೈಮ್ ಅನ್ನುವ ದ್ರಾಕ್ಷಿ ತೋಟಗಳ ಊರಿನಲ್ಲಿ. ದೊಡ್ಡಪ್ಪ ಅಲ್ಲೇ ಬೆಂಚಿನ ಮೇಲೆ ಕೂತರು. ಡಬ್ಬಿ ಬಿಚ್ಚಿದರು. ಪಾಠ ಶುರುವಾಯಿತು. ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದದ್ದು, ಕನ್ನಡ ಕಲಿತದ್ದು, ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ್ದು. ಮತಪ್ರಚಾರಕ್ಕೆ ಅಂತ ಬಂದ ಮನುಷ್ಯ ದಾಸರ ಪದ ಅಚ್ಚು ಹಾಕಿಸುತ್ತಾ ಕೂತದ್ದು ಅವರಿಗೆ ಎಷ್ಟು ಹೇಳಿದರೂ ತೀರದ ವಿಷಯ. ಚಿತ್ರಾನ್ನ ಆರಿತು. ಮಧ್ಯೆ ಥಟ್ಟನೆ ನಿಲ್ಲಿಸಿ, "ಅಲ್ಲಯ್ಯಾ, ಅವರಿಗೆ ವೀಸಾ ಏನೂ ಬೇಕಾಗಿರಲಿಲ್ಲ ಅಲ್ವಾ?" ಅಂದರು. ವೀಸಾ ಆಫೀಸಿನಲ್ಲಿ ಹತ್ತೂ ಬೆರಳು ಒತ್ತಿ ಬಂದ ನೋವು ಇನ್ನೂ ಹಸಿಯಾಗಿತ್ತು. ಮೇಲೆ ಕೋಟೆಯಿದೆ, ಅಲ್ಲಿಂದ ನೆಕ್ಕರ್ ಹೊಳೆ, ದ್ರಾಕ್ಷಿಯ ಇಳಿಜಾರು ಎಲ್ಲ ಚೆನ್ನಾಗಿ ಕಾಣುತ್ತದೆ. ನಾವು ಹತ್ತಲಿಲ್ಲ. ಟೈಮೇ ಉಳಿಯಲಿಲ್ಲ.

ಮರುದಿನ ತಾವಾಗಿಯೇ ಕೇಳಿದರು, "ಕಿಟ್ಟೆಲ್ ಯಾವ ಕಡೆ?" ಕಿಟ್ಟೆಲ್ ಟ್ಯೂಬಿಂಗನ್ ಕಡೆ. 1894ರಲ್ಲಿ ನಿಘಂಟು ಅಚ್ಚಾಯಿತು, ಅವರು 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ರೈಲಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. 1477ರಿಂದ ಯೂನಿವರ್ಸಿಟಿ ಇರುವ ಊರು, ಎಲ್ಲಿ ನೋಡಿದರೂ ಹುಡುಗ ಹುಡುಗಿಯರು. ಹೊಳೆಯಲ್ಲಿ ಉದ್ದನೆಯ ದೋಣಿಗಳು. ಹುಟ್ಟಿಲ್ಲ, ಹಿಂದೆ ನಿಂತವರು ಗಳ ಊರಿ ತಳ್ಳುತ್ತಾರೆ. ದೊಡ್ಡಮ್ಮ ದೋಣಿ ಹತ್ತಿದರು. ದೊಡ್ಡಪ್ಪ ದಡದಲ್ಲೇ ಉಳಿದು, ಸಿಕ್ಕಿದ ಒಬ್ಬ ಹುಡುಗನಿಗೆ ಇಂಗ್ಲಿಷಿನಲ್ಲಿ ಕಿಟ್ಟೆಲ್ ಬಗ್ಗೆ ತಿಳಿಸಿಕೊಟ್ಟರು. ಆ ಹುಡುಗ ಪಾಪ ಸೈಕಲ್ ಹಿಡಿದುಕೊಂಡೇ ಪೂರ್ತಿ ಕೇಳಿದ.

ಉಲ್ಮಿಗೂ ಹೋದೆವು. ಅಲ್ಲಿನ ಚರ್ಚಿನ ಶಿಖರ 161.5 ಮೀಟರ್, 1890ರಲ್ಲಿ ಮುಗಿದದ್ದು, ಮೊನ್ನೆ ಮೊನ್ನೆಯವರೆಗೆ ಜಗತ್ತಿನ ಚರ್ಚುಗಳಲ್ಲೆಲ್ಲ ಎತ್ತರದ್ದು. 768 ಮೆಟ್ಟಿಲು ಅಂದ ಕೂಡಲೇ ಇಬ್ಬರ ಮಂಡಿಯೂ ಒಟ್ಟಿಗೇ ನೋಯತೊಡಗಿತು. ಕೆಳಗೇ ಕೂತು ಗುಬ್ಬಚ್ಚಿ ಕಥೆ ಹೇಳಿದೆ. ಚರ್ಚು ಕಟ್ಟುವಾಗ ಊರಿನವರು ದೊಡ್ಡ ತೊಲೆಯನ್ನು ಅಡ್ಡಡ್ಡ ಹೊತ್ತು ತಂದರಂತೆ. ಹೆಬ್ಬಾಗಿಲಲ್ಲಿ ಹಿಡಿಸಲಿಲ್ಲ. ಹೆಬ್ಬಾಗಿಲನ್ನೇ ಒಡೆಯೋಣ ಅನ್ನುವಾಗ ಗುಬ್ಬಚ್ಚಿಯೊಂದು ಹುಲ್ಲುಕಡ್ಡಿಯನ್ನು ಉದ್ದಕ್ಕೆ ತಿರುಗಿಸಿ ಗೂಡಿಗೆ ಸೇರಿಸಿದ್ದು ಕಾಣಿಸಿತಂತೆ. ಮೊಮ್ಮಗನಿಗೆ ಹೇಳಲು ಬೇಕು ಅಂತ ದೊಡ್ಡಮ್ಮ ಇನ್ನೊಂದು ಸಲ ಹೇಳಿಸಿಕೊಂಡರು.

ಬರುವ ಮೇ ತಿಂಗಳು ಸಾಗರದ ಭಾವ ಬರುತ್ತಾರಂತೆ. "ನಿಮ್ಮ ಕಡೆ ಜಲಪಾತ ಏನಾದರೂ ಇದೆಯಾ?" ಅಂತ ಈಗಲೇ ಕೇಳಿದ್ದಾರೆ. ಬಾಡ್ ಉರಾಖ್‌ನಲ್ಲಿ ಒಂದಿದೆ, ಕಾಡಿನ ದಾರಿ, ಚೆಂದದ ಜಾಗ. ಎತ್ತರ 37 ಮೀಟರ್. ಭಾವ 253 ಮೀಟರಿನ ಜೋಗ ನೋಡಿ ಬೆಳೆದವರು. ಅವರನ್ನು ಕಾರಿನವರ ಜಾತಿಗೆ ಸೇರಿಸುವುದೇ ಕ್ಷೇಮ ಅಂತ ಮನೆಯಲ್ಲಿ ತೀರ್ಮಾನವಾಗಿದೆ.